‘ವನ್ಸ್‌ಮೋರ್’: ಗಡಿನಾಡಿನ ರಂಗಭೂಮಿಯ ಒಂದು ಮಾತು

ನಮ್ಮ ರಂಗಭೂಮಿಗೆ ಇಂಗ್ಲಿಷಿನಿಂದ ಬಂದ ಮಾತುಗಳು ಹಲವು. ಕಂಪನಿ, ಸೀನು, ಪಾರ್ಟು, ವಿಂಗು, ಟಿಕೀಟು ಮೊದಲಾದವನ್ನು ಕನ್ನಡಿಗರೂ ಮರಾಠಿಗರೂ ಸಮನಾಗಿ ತಮ್ಮವಾಗಿಸಿಕೊಂಡಿದ್ದಾರೆ. ಇವುಗಳಲ್ಲಿ ಹೆಚ್ಚಿನವು ನಾಟಕ ಆಡುವವರ, ಆಡಿಸುವವರ ಮಾತುಗಳು. ನೋಡಲು ಬಂದವರದೇ ಆದ ಮಾತು ಒಂದಿದೆ. ಅದು ‘ವನ್ಸ್‌ಮೋರ್’. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಂತಹ ಎರಡು ನುಡಿಯ ಊರುಗಳಲ್ಲಿ ಬಾಳುವ ನಾವು ಈ ಮಾತಿನ ಚರಿತ್ರೆಯನ್ನು ಅರಿಯುವುದು ಉಚಿತ. ಅದರೊಳಗೆ ನಮ್ಮ ನೆರೆಹೊರೆಯ ಬಾಳಿನ ಕಥೆಯೂ ಅಡಗಿದೆ.

ಮಾತಿನ ಅರ್ಥ ಸರಳ: ‘ಇನ್ನೊಮ್ಮೆ’. ವಿಚಿತ್ರವೆಂದರೆ, ಹಾಡನ್ನು ಮರಳಿ ಕೇಳಬಯಸಿದ ಇಂಗ್ಲಿಷ್ ಪ್ರೇಕ್ಷಕರು ಸಾಮಾನ್ಯವಾಗಿ ಕೂಗುವುದು ‘ಆಂಕೋರ್’ ಎಂದು. ಅದು ಫ್ರೆಂಚ್ ಶಬ್ದ. 18ನೆಯ ಶತಮಾನದ ಆರಂಭದಲ್ಲೇ ಲಂಡನ್ನಿನ ನಾಟಕಗೃಹಗಳಲ್ಲಿ ಬಳಕೆಯಲ್ಲಿತ್ತು. ಇತ್ತ ಫ್ರೆಂಚರು ಅದೇ ಸಂದರ್ಭದಲ್ಲಿ ‘ಬಿಸ್’ ಎನ್ನುತ್ತಾರೆ. ಅದು ‘ಎರಡು ಸಲ’ ಎಂಬರ್ಥದ ಲ್ಯಾಟಿನ್ ಶಬ್ದ. ಮೆಚ್ಚುಗೆಯನ್ನು ತೋರಲು ಪರಭಾಷೆಯ ಮಾತನ್ನು ಆಶ್ರಯಿಸುವುದು ನಮ್ಮೊಬ್ಬರ ರೂಢಿಯಲ್ಲವೆಂದಾಯಿತು. ನಮ್ಮವರು ಆಂಕೋರ್ ಶಬ್ದವನ್ನು ಬಿಟ್ಟು, ನೇರವಾದ ಎರಡು ಇಂಗ್ಲಿಷ್ ಪದಗಳನ್ನು ಹಿಡಿದು, ಒಂದಾಗಿ ಬೆಸೆದು, ಒಂದು ಹೊಸ ನಾಮಪದವನ್ನೇ ಮಾಡಿಕೊಂಡರು.

ಈ ಮಾತಿಗೆ ನೆಲೆ ದೊರೆತದ್ದು ಸಂಗೀತ ನಾಟಕದಲ್ಲಿ. ಆ ನಾಟಕದ ಬೇರುಗಳಿಗೂ ಕನ್ನಡ ನೆಲಕ್ಕೂ ಇರುವ ನಂಟು ಹಳೆಯದು. ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗ್ಲಿಯಲ್ಲಿ ಆಡಿದ ಆಟವನ್ನು ಕಂಡ ಅಲ್ಲಿನ ಅರಸ ಚಿಂತಾಮಣರಾವ್ ಪಟವರ್ಧನರು, ಮರಾಠಿಯಲ್ಲಿಯೂ ಅಂಥದು ಆಗಬೇಕೆಂದು ತಮ್ಮ ಆಶ್ರಿತ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರಲ್ಲಿ ‘ಸೀತಾಸ್ವಯಂವರ’ ರಂಗವೇರಿತು. 1853ರಲ್ಲಿ ಭಾವೆಯವರ ತಂಡವು ಮುಂಬಯಿಯ ಗ್ರಾಂಟ್ ರೋಡ್ ನಾಟಕಗೃಹದಲ್ಲಿ ಪ್ರಯೋಗ ನೀಡಿತು. ಪರದೆ, ಟಿಕೀಟುಗಳ ಜೊತೆಗೆ ಇಂಗ್ಲಿಷ್ ರಂಗಪದಗಳೂ ಇಂತಹ ನಗರದ ನಾಟಕಗೃಹಗಳಿಂದ ಒಳನಾಡಿಗೆ ಇಳಿದುಬಂದವು. ಮುಂದೆ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಸಂಗೀತ ಶಾಕುಂತಲ’ವನ್ನೂ 1882ರಲ್ಲಿ ‘ಸೌಭದ್ರ’ವನ್ನೂ ರಂಗಕ್ಕೆ ತಂದರು. ಪಾತ್ರಧಾರಿಯೇ ಹಾಡುವ ಪದ ನಾಟಕದ ಜೀವಾಳವಾಯಿತು. ಪದ ಮುಗಿದೊಡನೆ ಸಭೆಯಿಂದ ‘ವನ್ಸ್‌ಮೋರ್’ ಏಳುವುದು ವಾಡಿಕೆಯಾಯಿತು.

ಆ ಕಾಲದ ಮುದ್ರಿತ ಮರಾಠಿ ನಾಟಕಗಳಲ್ಲಿ ಪ್ರತಿ ಪದದ ಮೇಲೆ ‘ಚಾಲ’ ಎಂದು ಬರೆದು, ಯಾವ ಹಾಡಿನ ಧಾಟಿಯಲ್ಲಿ ಹಾಡಬೇಕೆಂದು ಸೂಚಿಸುತ್ತಿದ್ದರು. ಅಂತಹ ಧಾಟಿಗಳಲ್ಲಿ ಕನ್ನಡ ಹಾಡುಗಳವೂ ಇದ್ದವು. ಆದುದರಿಂದ ಮರಾಠಿ ಪದವನ್ನು ಕೇಳಿ ‘ವನ್ಸ್‌ಮೋರ್’ ಎಂದು ಕೂಗಿದ ಕನ್ನಡಿಗನು ಎಷ್ಟೋ ಸಲ ತನ್ನ ಮನೆಯ ಧಾಟಿಯನ್ನೇ ಮರಳಿ ಬೇಡುತ್ತಿದ್ದನೆನ್ನಬೇಕು.

ಕೊಡುಕೊಳ್ಳುವಿಕೆ ಅಷ್ಟಕ್ಕೇ ನಿಲ್ಲಲಿಲ್ಲ. ಮರಾಠಿ ನಾಟಕಗಳು ಕನ್ನಡಿಗರನ್ನು ಸೆಳೆಯುತ್ತಿದ್ದುದನ್ನು ಕಂಡ ಶಾಂತಕವಿ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕಗಳನ್ನು ಬರೆದು ಆಡಿಸಿದರು. ಕೊಲ್ಹಾಪುರದ ಕೇಶವರಾವ್ ಭೋಸಲೆಯವರು 1908ರಲ್ಲಿ ತಮ್ಮ ‘ಲಲಿತಕಲಾದರ್ಶ’ ಮಂಡಳಿಯನ್ನು ಸ್ಥಾಪಿಸಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಕುಂದಗೋಳದ ರಾಮಭಾವು ಮರಾಠಿ ರಂಗದಲ್ಲಿ ಹಾಡಿ ‘ಸವಾಯಿ ಗಂಧರ್ವ’ ಎನಿಸಿದರು. ಬಿಳಗಿಯ ಗೋಹರಬಾಯಿ ಬಾಲಗಂಧರ್ವರ ಮಂಡಳಿಯ ಗಾಯಕನಟಿಯಾದರು. ಗ್ವಾಲಿಯರ್ ಗಾಯಕಿಯನ್ನು ಈ ಭಾಗಕ್ಕೆ ತಂದ ಬಾಳಕೃಷ್ಣಬುವಾ ತಮ್ಮ ಹೆಸರಿನೊಡನೆ ಇಚಲಕರಂಜಿಯ ಹೆಸರನ್ನು ಚಿರಸ್ಥಾಯಿಗೊಳಿಸಿದರು. ಇಂತಹ ನಾಡಿನಲ್ಲಿ ಕೇಳುಗರ ಕಿವಿ ಹದಗೊಂಡಿದ್ದರೆ ಆಶ್ಚರ್ಯವಿಲ್ಲ.

ಈಗ ಮಾತಿನ ಬಳಕೆಯನ್ನು ನೋಡೋಣ. ಇಂಗ್ಲಿಷಿನಲ್ಲಿ ಕಲಾವಿದನು ಆಂಕೋರ್ ‘ಕೊಡುತ್ತಾನೆ’, ಪಡೆಯುವವರು ಪ್ರೇಕ್ಷಕರು. ನಮ್ಮಲ್ಲಿ ಇದು ತಿರುವುಮುರುವು. ಪ್ರೇಕ್ಷಕರು ವನ್ಸ್‌ಮೋರ್ ‘ಕೊಟ್ಟರು’, ಗಾಯಕನಟ ವನ್ಸ್‌ಮೋರ್ ‘ಪಡೆದ’, ‘ಗಿಟ್ಟಿಸಿದ’ ಎನ್ನುತ್ತೇವೆ. ‘ಆ ಪದಕ್ಕೆ ಮೂರು ವನ್ಸ್‌ಮೋರ್ ಬಿದ್ದವು’ ಎಂದು ಎಣಿಸುವುದೂ ಉಂಟು. ಮರಾಠಿಯಲ್ಲಿಯೂ ಪ್ರಯೋಗ ಹೀಗೆಯೇ. ಶಬ್ದ ಇಂಗ್ಲಿಷಿನದು, ಭಾವ ನಮ್ಮದು.

ಈ ಭಾವದ ಮೂಲವನ್ನು ನಮ್ಮ ಆಟಗಳಲ್ಲಿಯೇ ಕಾಣಬಹುದು. ದೊಡ್ಡಾಟದ ನಡುವೆ ಊರ ಮಂದಿ ಮೆಚ್ಚಿದ ವೇಷಧಾರಿಗೆ ಹಣ ನೀಡುವುದು, ಕೊಟ್ಟವರ ಹೆಸರನ್ನು ರಂಗದ ಮೇಲೆ ಕೂಗಿ ಹೇಳುವುದು ಹಿಂದಿನಿಂದ ಬಂದ ಪದ್ಧತಿ. ಮರಾಠಿ ತಮಾಷಾದಲ್ಲಿಯೂ ‘ದೌಲತಜಾದಾ’ ಎಂಬ ಹೆಸರಿನಲ್ಲಿ ಇಂಥದೇ ರೂಢಿಯಿದೆ. ಕಂಪನಿ ನಾಟಕದಲ್ಲಿ ಟಿಕೀಟು ಬಂದಿತು. ಕೊಡಬೇಕಾದ ಹಣ ಬಾಗಿಲಲ್ಲೇ ಸಂದಾಯವಾಯಿತು. ಆದರೆ ಮೆಚ್ಚಿದ್ದನ್ನು ಹೇಳಿ ಗೌರವಿಸುವ ಆಸೆ ಉಳಿಯಿತು. ಆ ಆಸೆಗೆ ದೊರೆತ ಬಾಯಿಮಾತೇ ವನ್ಸ್‌ಮೋರ್ ಎಂದು ನಮ್ಮ ತಿಳಿವಳಿಕೆ. ಇದು ಕಾಸಿಲ್ಲದ ಆಹೇರಿ. ಮುಂದಿನ ಕುರ್ಚಿಯ ಜಹಗೀರದಾರನಿಗೆ ಇದ್ದಷ್ಟೇ ಅಧಿಕಾರ ಹಿಂದೆ ನೆಲದ ಮೇಲೆ ಕುಳಿತ ಮಗ್ಗದ ಕೂಲಿಗೂ ಇದರಲ್ಲಿ ಇತ್ತು.

ಇದಕ್ಕೆ ತೆತ್ತ ಬೆಲೆಯೂ ಇದೆ. ಪದಗಳು ಮರುಕಳಿಸಿದಂತೆ ಕಥೆಯ ಓಟ ಕುಂಟಿತು, ನಾಟಕ ಬೆಳಗಿನವರೆಗೆ ಬೆಳೆಯಿತು, ಶೋಕದ ಸನ್ನಿವೇಶ ಸಂಗೀತ ಕಛೇರಿಯಾಯಿತು. ರಸಭಂಗವಾಗುವುದೆಂದು ವಿಮರ್ಶಕರು ಆಕ್ಷೇಪಿಸಿದರು. ಅವರ ಮಾತು ಸುಳ್ಳಲ್ಲ. ಕಡೆಗೆ ಈ ರೂಢಿಗೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಪ್ರಭಾತ್ ಫಿಲ್ಮ್ ಕಂಪನಿಯು 1932ರಲ್ಲಿ ‘ಅಯೋಧ್ಯೇಚಾ ರಾಜಾ’ ಎಂಬ ಮಾತಿನ ಚಿತ್ರವನ್ನು ಹೊರತಂದಿತು. ಹಾಡು ತೆರೆಯ ಮೇಲೆ ಬಂದಿತು, ಆದರೆ ತೆರೆಗೆ ಕಿವಿಯಿರಲಿಲ್ಲ. ಕೂಗಿದರೂ ನಿಲ್ಲದೆ ಚಿತ್ರ ಮುಂದೆ ಓಡಿತು. ಪ್ರೇಕ್ಷಕನಿಗೆ ಹಾಡು ಉಳಿಯಿತು. ಹಾಡಿದವನೊಡನೆ ಮಾತಾಡುವ ಹಕ್ಕು ಹೋಯಿತು.

ಇನ್ನೊಂದು ಸಂಗತಿಯನ್ನು ಗಡಿನಾಡಿನವರಾದ ನಾವು ವಿಶೇಷವಾಗಿ ಗಮನಿಸಬೇಕು. ‘ವನ್ಸ್‌ಮೋರ್’ ಎಂದು ಕೂಗಿದವನ ಮನೆಮಾತು ಯಾವುದೆಂದು ಆ ಕೂಗಿನಿಂದ ತಿಳಿಯುವುದಿಲ್ಲ. ಹಿರಣ್ಯಕೇಶಿಯ ದಂಡೆಯ ಕನ್ನಡಿಗನೂ ಪಂಚಗಂಗೆಯ ದಂಡೆಯ ಮರಾಠಿಗನೂ ಒಂದೇ ಮಾತನ್ನು ಒಂದೇ ಉಸಿರಿನಲ್ಲಿ ಕೂಗುತ್ತಿದ್ದರು. ಗಡಿಯ ವಾದಗಳು ಏನೇ ಇರಲಿ, ಒಳ್ಳೆಯದನ್ನು ಕೇಳಿ ಮೆಚ್ಚುವಲ್ಲಿ ಈ ಎರಡು ನುಡಿಗಳ ಜನ ಬೇರೆಯಾಗಿರಲಿಲ್ಲ.

ಶಾಹೂ ಮಹಾರಾಜರು ಕಟ್ಟಿಸಿದ, 1915ರಲ್ಲಿ ತೆರೆದ ಕೊಲ್ಹಾಪುರದ ಪ್ಯಾಲೇಸ್ ಥಿಯೇಟರು ಮುಂದೆ ಕೇಶವರಾವ್ ಭೋಸಲೆಯವರ ಹೆಸರನ್ನು ಹೊತ್ತಿತು. ಆ ನಾಟಕಗೃಹವು 2024ರ ಆಗಸ್ಟ್ 8ರ ರಾತ್ರಿ, ಅವರ ಜನ್ಮದಿನದ ಮುನ್ನಾ ದಿನವೇ, ಬೆಂಕಿಗೆ ಆಹುತಿಯಾಯಿತು. ಗೋಡೆಗಳನ್ನು ಮತ್ತೆ ಎತ್ತಬಹುದು. ಹಾಡನ್ನು ಅರಿತು ಮೆಚ್ಚುವ ಸಭೆಯನ್ನು ಯಾವ ಶಿಲ್ಪಿಯೂ ಕಟ್ಟಿಕೊಡಲಾರ. ಅದನ್ನು ನಾವೇ ಕಟ್ಟಬೇಕು. ನಮ್ಮ ಸಂಘದ ವೇದಿಕೆಯ ಮೇಲೆ ಮಗುವೊಂದು ತಡವರಿಸುತ್ತ ಕನ್ನಡದ ಪದವೊಂದನ್ನು ಹಾಡಿ ಮುಗಿಸಿದಾಗ, ಸಭೆಯಿಂದ ಈ ಹಳೆಯ ಆಹೇರಿ ಸಲ್ಲಲಿ. ಎರಡನೆಯ ಸಲ ಆ ಮಗು ತಡವರಿಸದೆ ಹಾಡೀತು.