ಕಂಥೆ ಮತ್ತು ಕೌದಿ: ಮಧುಗಿರಿ ಸೀಮೆಯ ಒಂದು ಗೃಹಕಾಯಕ

ಒಂದು ನಾಡಿನ ಸಂಸ್ಕೃತಿಯನ್ನು ಅರಿಯುವುದಕ್ಕೆ ಶಾಸನ, ದೇವಾಲಯ, ಕೋಟೆಕೊತ್ತಲಗಳು ಮಾತ್ರವೇ ಸಾಧನಗಳಲ್ಲ. ಜನರು ಉಂಡದ್ದು, ಉಟ್ಟದ್ದು, ಹೊದ್ದದ್ದು ಇವೂ ಇತಿಹಾಸಕ್ಕೆ ಸಲ್ಲತಕ್ಕ ಸಾಕ್ಷಿಗಳೇ. ಆದರೆ ಕಲ್ಲು ಉಳಿಯುತ್ತದೆ, ಬಟ್ಟೆ ಉಳಿಯುವುದಿಲ್ಲ. ಮಧುಗಿರಿಯ ಏಕಶಿಲೆಯ ಮೇಲಣ ಕೋಟೆ, ಶಿರಾದ ಮಲ್ಲಿಕ್ ರೆಹಾನನ ಗೋರಿ, ಪಾವಗಡದ ಗಿರಿದುರ್ಗ ಇವುಗಳ ವರ್ಣನೆ ಗ್ರಂಥಗಳಲ್ಲಿ ಸಾಕಷ್ಟು ದೊರೆಯುತ್ತದೆ. ಆ ಕೋಟೆಗಳ ನೆರಳಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹರಕು ಬಟ್ಟೆಯನ್ನೂ ಚೂರು ಬಟ್ಟೆಯನ್ನೂ ಕೂಡಿಸಿ ಹೊಲಿದ ಕೌದಿಗಳ ಮಾತು ಮಾತ್ರ ಎಲ್ಲಿಯೂ ಇಲ್ಲ. ಹೊದ್ದು, ಒಗೆದು, ಸವೆದು ಹೋಗುವುದೇ ಕೌದಿಯ ಧರ್ಮವಾದುದರಿಂದ ಅದು ತನ್ನ ಚರಿತ್ರೆಯನ್ನು ತಾನೇ ಅಳಿಸಿಕೊಳ್ಳುತ್ತ ಬಂದಿದೆ. ಆದರೂ ಶಬ್ದದಲ್ಲಿ, ಶರಣರ ಕಥನಗಳಲ್ಲಿ, ಈ ಸೀಮೆಯ ಆರ್ಥಿಕ ಚರಿತ್ರೆಯಲ್ಲಿ ಅದರ ಜಾಡು ಉಳಿದಿದೆ.

ಮೊದಲು ಶಬ್ದವನ್ನು ನೋಡಬಹುದು. ಕನ್ನಡದಲ್ಲಿ ಕೌದಿ, ಕವುದಿ, ಕವದಿ ಎಂಬ ರೂಪಗಳು ರೂಢಿಯಲ್ಲಿವೆ. ಸಂಸ್ಕೃತದ ‘ಕಂಥಾ’ ಕನ್ನಡದಲ್ಲಿ ಕಂಥೆಯಾಯಿತು. ವಂಗದೇಶದಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಹೊದಿಕೆಗೆ ಇಂದಿಗೂ ಇದೇ ಹೆಸರು. ಮರಾಠಿಯಲ್ಲಿ ಗೋಧಡಿ, ಹಿಂದಿಯಲ್ಲಿ ಗುದಡಿ, ತೆಲುಗಿನಲ್ಲಿ ಬೊಂತ ಎನ್ನುತ್ತಾರೆ. ಈ ಕೊನೆಯ ಶಬ್ದ ಕನ್ನಡಕ್ಕೆ ಅನ್ಯವಲ್ಲ. ಹಳೆಯ ಕನ್ನಡದಲ್ಲಿ ‘ಬೊಂತೆ’ ಎಂದರೆ ತೇಪೆಗಳನ್ನು ಕೂಡಿಸಿದ ಹೊದಿಕೆಯೇ. ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಕೇಳಿಬರುವ ಪಾವಗಡ, ಮಧುಗಿರಿಗಳ ಗಡಿಸೀಮೆಯನ್ನು ಕುರಿತು ಯೋಚಿಸುವಾಗ ಈ ಶಬ್ದಸಾಮ್ಯ ಗಮನಾರ್ಹವಾದುದು.

ಈ ಶಬ್ದಗಳ ಹಿಂದೆ ಒಂದು ದೀರ್ಘವಾದ ವೈರಾಗ್ಯಪರಂಪರೆಯಿದೆ. ಬೌದ್ಧ ಭಿಕ್ಷುಗಳು ಧೂಳಿನಲ್ಲಿ ಬಿದ್ದ ಅರಿವೆಗಳನ್ನು ಆಯ್ದು ಹೊಲಿದು ಚೀವರ ಮಾಡಿಕೊಳ್ಳುತ್ತಿದ್ದರು. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ, ಅದೇ ಮಾದರಿಯಲ್ಲಿ ತುಂಡುಗಳನ್ನು ಜೋಡಿಸುವಂತೆ ಬುದ್ಧನು ಆನಂದನಿಗೆ ಸೂಚಿಸಿದನೆಂದು ವಿನಯಪಿಟಕ ಹೇಳುತ್ತದೆ. ನಾಥಸಿದ್ಧರ ವೇಷದಲ್ಲಿಯೂ ಕಂಥೆ ಒಂದು ಲಾಂಛನ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ತನ್ನ ಹೆಸರಿನಲ್ಲಿಯೇ ಅಂತಹ ಸಿದ್ಧರ ನೆನಪನ್ನು ಹೊತ್ತು ನಿಂತಿದೆ. ಈ ಪರಂಪರೆಯಲ್ಲಿ ಹರಕು ಬಟ್ಟೆ ಸಂಸಾರತ್ಯಾಗದ ಗುರುತು. ಮನೆಯನ್ನು ಬಿಟ್ಟವನು ಅದನ್ನು ಹೊದೆಯುತ್ತಾನೆ. ಅದರ ಮಹತ್ವವಿರುವುದು ಅವನು ತೊರೆದುದರಲ್ಲಿ.

ವೀರಶೈವ ಪರಂಪರೆಯಲ್ಲಿ ಈ ಶಬ್ದವನ್ನು ಹೆಸರಾಗಿಯೇ ಧರಿಸಿದವಳು ಶರಣೆ ಬೊಂತಾದೇವಿ. ಕಾಶ್ಮೀರದ ಅರಸುಮನೆತನದ ಈಕೆ ಮೋಳಿಗೆಯ ಮಾರಯ್ಯನ ಸೋದರಿಯೆಂದೂ ಮೊದಲಿನ ಹೆಸರು ನಿಜದೇವಿಯೆಂದೂ ಸಂಪ್ರದಾಯ ಹೇಳುತ್ತದೆ. ಎಲ್ಲವನ್ನೂ ತೊರೆದು ದಿಗಂಬರೆಯಾಗಿ ಕಲ್ಯಾಣದ ದಾರಿ ಹಿಡಿದಾಗ ಶಿವನೇ ಆಕೆಗೆ ಒಂದು ಬೊಂತೆಯನ್ನು ಕೊಟ್ಟನೆಂದೂ ಅದನ್ನು ಹೊದ್ದು ಬಂದುದರಿಂದ ಬೊಂತಾದೇವಿಯಾದಳೆಂದೂ ಕಥೆ. ‘ಬಿಡಾಡಿ’ ಎಂಬ ಅಂಕಿತದಲ್ಲಿ ಆಕೆಯ ಕೆಲವೇ ವಚನಗಳು ಉಳಿದಿವೆ. ಬಯಲಿಗೆ ಒಳಹೊರಗೆಂಬ ಭೇದವಿಲ್ಲವೆಂಬ ಅರಿವು ಅವುಗಳಲ್ಲಿ ಎದ್ದು ಕಾಣುತ್ತದೆ. ರಾಜಪುತ್ರಿಗೆ ದೇವರು ಪೀತಾಂಬರವನ್ನು ಕೊಡಲಿಲ್ಲ, ತೇಪೆಯ ಹೊದಿಕೆಯನ್ನು ಕೊಟ್ಟನು ಎಂಬಲ್ಲಿ ಈ ಕಥೆಯ ತಿರುಳಿದೆ. ಆಕೆಯ ಅಣ್ಣನೂ ಅರಸೊತ್ತಿಗೆಯನ್ನು ಬಿಟ್ಟು ಕಲ್ಯಾಣದಲ್ಲಿ ಸೌದೆಯ ಹೊರೆ ಮಾರಿದವನೆಂಬುದನ್ನು ಇದರೊಡನೆ ಇಟ್ಟು ನೋಡಬೇಕು.

ಮಾರಯ್ಯನ ಸೌದೆಯ ಹೊರೆಯಲ್ಲಿ ಒಂದು ಹೊಸ ಅಂಶವಿದೆ. ಅವನು ತೊರೆದು ಭಿಕ್ಷೆಗೆ ಹೊರಡಲಿಲ್ಲ, ದುಡಿಮೆಗೆ ತೊಡಗಿದನು. ಹನ್ನೆರಡನೆಯ ಶತಮಾನದ ಶರಣರು ತಂದ ಬದಲಾವಣೆ ಇದೇ. ಅವರು ಕಂಥೆಯನ್ನು ಹೊದೆಯುವುದಕ್ಕಿಂತ ಬಟ್ಟೆಯನ್ನು ಮಾಡುವ ಕೈಗೆ ಹೆಚ್ಚಿನ ಗೌರವ ಕೊಟ್ಟರು. ಮುದನೂರಿನ ಜೇಡರ ದಾಸಿಮಯ್ಯ ನೇಯ್ದನು, ಅಮುಗಿ ದೇವಯ್ಯ ನೇಯ್ದನು, ಕದಿರ ರೆಮ್ಮವ್ವೆ ನೂಲು ತೆಗೆದಳು, ಮಡಿವಾಳ ಮಾಚಯ್ಯ ಒಗೆದನು. ಹೊಲಿಗೆಯ ಸೂಜಿಯನ್ನೇ ಕಾಯಕವಾಗಿಸಿಕೊಂಡ ರಾಮಿತಂದೆ ಸೂಜಿಕಾಯಕದ ರಾಮಿತಂದೆಯೆಂದೇ ಹೆಸರಾದನು. ಹತ್ತಿಯ ಎಳೆಯಿಂದ ಒಗೆದ ಬಟ್ಟೆಯವರೆಗೆ ಪ್ರತಿಯೊಂದು ಹಂತಕ್ಕೂ ಅನುಭವಮಂಟಪದ ಪರಂಪರೆಯಲ್ಲಿ ಒಬ್ಬ ಶರಣನ ಅಥವಾ ಶರಣೆಯ ಹೆಸರಿದೆ.

ಉಳಿಕೆಯ ಪ್ರಶ್ನೆಯನ್ನು ನೇರವಾಗಿ ಎತ್ತಿದವಳು ಆಯ್ದಕ್ಕಿ ಲಕ್ಕಮ್ಮ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಆಕೆಯ ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ಬಿದ್ದುದನ್ನು ಆಯುವುದು ಹೀನವಲ್ಲ. ಆಯುವ ನೆಪದಲ್ಲಿ ಕೂಡಿಡುವುದು ಹೀನ ಎಂಬ ವಿವೇಕ ಇಲ್ಲಿದೆ. ಕೌದಿ ಹೊಲಿಯುವವಳ ಚೂರು ಬಟ್ಟೆಯ ಗಂಟಿಗೂ ಇದೇ ನ್ಯಾಯ ಸಲ್ಲುತ್ತದೆ. ಅವಳು ಆಯುವುದು ಬೇರೆಯವರು ಬೇಡವೆಂದುದನ್ನು. ಆಯ್ದುದು ಮನೆಯವರ ಮೈಗೆ ಬೆಚ್ಚನೆಯ ಹೊದಿಕೆಯಾಗುತ್ತದೆ. ಹೀಗೆ ಕಂಥೆ ಮತ್ತು ಕೌದಿ ನೋಟಕ್ಕೆ ಒಂದೇ ವಸ್ತುವಾದರೂ ಅರ್ಥದಲ್ಲಿ ಬೇರೆ. ಕಂಥೆ ಮನೆಯನ್ನು ಬಿಟ್ಟವನದು; ಕೌದಿ ಮನೆಯನ್ನು ನಿಲ್ಲಿಸಿದವಳದು.

ಇಷ್ಟು ಭಾವದ ಚರಿತ್ರೆ. ಇನ್ನು ನೆಲದ ಚರಿತ್ರೆಗೆ ಬರಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ತುಮಕೂರು ಜಿಲ್ಲೆಯ ಉತ್ತರ ಭಾಗದ ಬಯಲುಸೀಮೆಗೆ ಸೇರಿದವು. ಮಳೆ ಅಲ್ಪ, ಬೆಟ್ಟಗುಡ್ಡ ಬಹಳ. ರಾಗಿ, ನೆಲಗಡಲೆ, ಕುರಿ ಇವು ಬದುಕಿನ ಆಧಾರ. ಇಲ್ಲಿಯ ಚಳಿಗೆ ಪ್ರಸಿದ್ಧವಾದ ಉತ್ತರ ಕಂಬಳಿ. ಶಿರಾ ಸೀಮೆಯ ಕುರುಬರ ಕರಿಯ ಕಂಬಳಿ ಹೆಸರಾದುದು. ಆದರೆ ಕಂಬಳಿಗೆ ಉಣ್ಣೆ ಬೇಕು, ನೇಯುವವನು ಬೇಕು, ಕೊಳ್ಳಲು ಹಣವೋ ಧಾನ್ಯವೋ ಬೇಕು. ಕೌದಿಗೆ ಮನೆಯಲ್ಲಿರುವ ಹಳೆಯ ಬಟ್ಟೆ, ಸೂಜಿ, ದಾರ, ಬಿಡುವು ಇಷ್ಟು ಸಾಕು. ಆದುದರಿಂದ ಇಲ್ಲಿ ಕಂಬಳಿ ಸಂತೆಯ ವಸ್ತುವಾಗಿ ಕಂದಾಯದ ಲೆಕ್ಕಕ್ಕೆ ಬಂತು. ಕೌದಿ ಯಾವ ಲೆಕ್ಕಕ್ಕೂ ಬರಲಿಲ್ಲ.

1687ರಿಂದ 1757ರವರೆಗೆ ಶಿರಾ ಮೊಗಲರ ಸುಭೆಯ ಮುಖ್ಯಪಟ್ಟಣವಾಗಿತ್ತು. ಅಲ್ಲಿ ತಯಾರಾಗುತ್ತಿದ್ದ ಅಚ್ಚಿನ ಚೀಟಿಬಟ್ಟೆಗೆ ಬೆಲೆಯಿತ್ತು. ಮುಂದೆ ಟಿಪ್ಪುವು ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಸಾಗಿಸಿದನೆಂದು ಗೆಜೆಟಿಯರು ಹೇಳುತ್ತದೆ. ಪಟ್ಟಣ ತನ್ನ ಹಿಂದಿನ ವೈಭವವನ್ನು ಮರಳಿ ಪಡೆಯಲಿಲ್ಲ. 1876–78ರ ಮಹಾಕ್ಷಾಮ ಈ ಬಯಲುಸೀಮೆಯನ್ನು ಮತ್ತೆ ಕುಗ್ಗಿಸಿತು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬರ ಮತ್ತೆ ಮತ್ತೆ ಬರುವ ನೆಲದಲ್ಲಿ ಹರಿದ ಬಟ್ಟೆಯನ್ನು ಎಸೆಯದಿರುವುದು ಗುಣವೆನ್ನುವುದಕ್ಕಿಂತ ಅನಿವಾರ್ಯವೆನ್ನುವುದು ಸತ್ಯಕ್ಕೆ ಹತ್ತಿರವಾದ ಮಾತು.

ಕೌದಿಯ ಒಡಲಲ್ಲಿ ಎರಡು ಬಗೆಯ ಬಟ್ಟೆಯಿದೆಯೆಂಬುದನ್ನು ಇಲ್ಲಿ ವಿವೇಚಿಸಬೇಕು. ಒಂದು ಸವೆದ ಬಟ್ಟೆ, ಇನ್ನೊಂದು ಮಿಕ್ಕ ಬಟ್ಟೆ. ಸೀರೆ, ಪಂಚೆ, ರುಮಾಲುಗಳು ಕತ್ತರಿ ಕಾಣದ ಉಡುಪುಗಳು. ಅವುಗಳಲ್ಲಿ ಚೂರು ಉಳಿಯುವುದಿಲ್ಲ. ಆದುದರಿಂದ ಹಳೆಯ ಕಾಲದ ಕೌದಿ ಬಹುಮಟ್ಟಿಗೆ ಸವೆದ ಸೀರೆಗಳ ಪದರವಾಗಿರಬೇಕು. ಹೊಲಿಗೆಯ ಯಂತ್ರ ಬಂದು, ಗಿರಣಿಯ ಬಟ್ಟೆ ಅಗ್ಗವಾಗಿ, ಅಂಗಿ, ರವಿಕೆ, ಲಂಗಗಳು ಹಳ್ಳಿಗಳಲ್ಲಿ ಸಾಮಾನ್ಯವಾದ ಮೇಲೆ ದರ್ಜಿಯ ಕತ್ತರಿಯಡಿ ಚೂರುಗಳು ಬೀಳತೊಡಗಿದವು. ಇಂದು ಕೌದಿಯ ಅಂದವೆಂದು ಹೊಗಳುವ ಬಣ್ಣಬಣ್ಣದ ಚೌಕ, ತ್ರಿಕೋನಗಳು ಬಹುಪಾಲು ಈ ಇತ್ತೀಚಿನ ಕಾಲದ ಕಾಣಿಕೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ, 1943ರಿಂದ, ಬಟ್ಟೆಯ ಮೇಲೆ ಸರ್ಕಾರದ ನಿಯಂತ್ರಣ ಬಂದಾಗ ಅಂಗೈಯಗಲದ ಚೂರಿಗೂ ಬೆಲೆ ಬಂತು. 1970ರ ದಶಕದಿಂದೀಚೆಗೆ ಟೆರಿಲೀನ್, ಪಾಲಿಯೆಸ್ಟರ್ ತುಂಡುಗಳು ಸೇರಿಕೊಂಡವು. ಅವು ಬೇಗ ಹರಿಯುವುದಿಲ್ಲ, ಆದರೆ ಬೆವರನ್ನು ಹೀರುವುದಿಲ್ಲ, ಸೂಜಿಯಡಿ ಜಾರುತ್ತವೆ. ಹೀಗೆ ಒಂದು ಹಳೆಯ ಕೌದಿಯ ಪದರಗಳನ್ನು ಬಿಡಿಸಿದರೆ ಒಂದು ಮನೆಯ ಉಡುಪಿನ ಚರಿತ್ರೆಯೇ ದೊರೆಯುತ್ತದೆ.

ಹೊಲಿಯುವ ಕ್ರಮ ಸರಳವಾಗಿ ಕಂಡರೂ ಶ್ರಮದ್ದು. ಸುಗ್ಗಿಯ ಕೆಲಸ ತೀರಿದ ಬೇಸಿಗೆಯ ಬಿಡುವು ಇದಕ್ಕೆ ಅನುಕೂಲವಾದ ಕಾಲ. ಒಗೆದು ಒಣಗಿಸಿದ ನೂಲಿನ ಸೀರೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ನಡುವೆ ಹರಕುಗಳನ್ನು ತುಂಬಿ, ಮೇಲೆ ಚೂರುಗಳನ್ನು ಅಂಚು ಮಡಿಸಿ ಜೋಡಿಸುತ್ತಾರೆ. ಬಳಿಕ ದಪ್ಪ ಸೂಜಿಗೆ ಎರಡೆಳೆ ದಾರ ಪೋಣಿಸಿ, ಅಂಚಿನಿಂದ ಸುತ್ತಿಕೊಂಡು ಒಳಮುಖವಾಗಿ, ಬೆರಳಗಲದ ಅಂತರದಲ್ಲಿ ಸಾಲುಸಾಲಾಗಿ ಹೊಲಿಗೆ ಹಾಕುತ್ತ ನಡುವಿಗೆ ಬರುತ್ತಾರೆ. ಈ ಸಾಲುಗಳು ಅಲಂಕಾರಕ್ಕಲ್ಲ. ಪದರಗಳು ಜಾರದಂತೆ ಹಿಡಿಯುವುದೂ ಪದರಗಳ ನಡುವೆ ಗಾಳಿಯನ್ನು ಉಳಿಸಿ ಮೈಯ ಬಿಸಿಯನ್ನು ಕಾಯುವುದೂ ಅವುಗಳ ಕೆಲಸ. ಹಸಿಬಾಣಂತಿಗೆ, ಕೂಸಿಗೆ, ಮುದುಕರಿಗೆ ಬೇರೆ ಬೇರೆ ದಪ್ಪದ ಕೌದಿಗಳು ಬೇಕು. ಕೂಸಿನ ಕೌದಿಗೆ ಹೊಸ ಬಟ್ಟೆಗಿಂತ ಹತ್ತಾರು ಸಲ ಒಗೆದು ಮೆತ್ತಗಾದ ಅಜ್ಜಿಯ ಸೀರೆಯೇ ಮೇಲು.

ಕರ್ನಾಟಕದ ಬೇರೆಡೆಯೂ ಈ ಕಲೆ ಜೀವಂತವಾಗಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ನೆಲೆಸಿದ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗಳು ವಿದೇಶದ ವಿದ್ವಾಂಸರ ಗಮನವನ್ನು ಸೆಳೆದಿವೆ. ಅವರು ನಾಲ್ಕು ಮೂಲೆಗಳಿಗೂ ‘ಫೂಲ’ ಎಂಬ ಮಡಿಚಿದ ತ್ರಿಕೋನದ ಹೂವನ್ನು ಹಚ್ಚುತ್ತಾರೆ. ಅದಿಲ್ಲದ ಕೌದಿ ಬತ್ತಲೆಯೆಂದು ಅವರ ಭಾವನೆ. ಬಡತನದ ವಸ್ತುವಿಗೂ ಮಾನವುಂಟೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಕೌದಿಯನ್ನು ಸಮಾನತೆಯ ಸಂಕೇತವಾಗಿ ಕೊಂಡಾಡುವುದು ಸುಲಭ. ವೈ. ಎನ್. ಹೊಸಕೋಟೆಯ ಮಗ್ಗದಿಂದ ಬಂದ ರೇಷ್ಮೆಯ ಚೂರು ಕೂಲಿಯವಳ ನೂಲುಸೀರೆಯ ಪಕ್ಕದಲ್ಲಿ ಕೂಡಬಲ್ಲುದು, ನಿಜ. ಆದರೆ ಇತಿಹಾಸ ಸತ್ಯವನ್ನು ಮರೆಮಾಚಬಾರದು. ತುಂಡುಗಳು ಒಂದಾದ ಊರುಗಳಲ್ಲಿಯೇ ಹೊದೆಯುವವರು ಒಂದಾಗಿರಲಿಲ್ಲ. ಕೇರಿ ಕೇರಿಗೆ ಅಂತರವಿತ್ತು. ಹೊಲಿದವಳ ಬೆನ್ನುನೋವಿಗೆ, ಸಂಜೆಯ ಮಂದಬೆಳಕಿನಲ್ಲಿ ಸೋತ ಕಣ್ಣಿಗೆ ಕೂಲಿಯಿರಲಿಲ್ಲ. ಶರಣರು ಕಾಯಕವನ್ನು ಎತ್ತಿಹಿಡಿದರೇ ಹೊರತು ದಾರಿದ್ರ್ಯವನ್ನಲ್ಲ. ಕೌದಿಯಲ್ಲಿ ಗೌರವಕ್ಕೆ ಯೋಗ್ಯವಾದುದು ಹರಕುತನವಲ್ಲ, ಹರಕನ್ನು ಹೊದಿಕೆಯಾಗಿಸಿದ ಕೈ.

ಇದೇ ದೃಷ್ಟಿಯಿಂದ ವಚನವಾಙ್ಮಯದ ಚರಿತ್ರೆಯನ್ನೂ ನೆನೆಯಬಹುದು. ಕಲ್ಯಾಣದ ಕ್ರಾಂತಿಯ ನಂತರ ಚದುರಿದ ವಚನಗಳನ್ನು ಆಯ್ದು, ಸಂವಾದದ ಎಳೆಯಿಂದ ಕೂಡಿಸಿ, ಶಿವಗಣಪ್ರಸಾದಿ ಮಹಾದೇವಯ್ಯ ಶೂನ್ಯಸಂಪಾದನೆಯನ್ನು ರಚಿಸಿದನು. ಆ ಕಾರ್ಯವನ್ನು ಪರಿಷ್ಕರಿಸಿದವರ ಸಾಲಿನಲ್ಲಿ ಬರುವ ಗೂಳೂರು ಸಿದ್ಧವೀರಣಾಚಾರ್ಯ ತುಮಕೂರು ಸೀಮೆಯವನೇ. ಬಿಡಿಬಿಡಿಯಾದುದನ್ನು ಎಸೆಯದೆ, ಪ್ರತಿಯೊಂದರ ಬಣ್ಣವನ್ನೂ ಉಳಿಸಿ, ಒಂದು ಹೊದಿಕೆಯಾಗಿ ಕೂಡಿಸಿದ ಈ ವಿದ್ವಾಂಸರ ಹೆಸರುಗಳು ಉಳಿದಿವೆ. ಅಂತಹದೇ ಕೆಲಸವನ್ನು ಬಟ್ಟೆಯಲ್ಲಿ ಮಾಡಿದ ತಾಯಂದಿರ ಹೆಸರುಗಳು ಉಳಿಯಲಿಲ್ಲ.

ಇಂದು ಪಾಣಿಪತ್ತಿನ ಕಾರ್ಖಾನೆಗಳು ದೇಶವಿದೇಶಗಳ ಹಳೆಯ ಉಡುಪನ್ನು ಯಂತ್ರದಲ್ಲಿ ಎಳೆಯಾಗಿಸಿ ಅಗ್ಗದ ಹೊದಿಕೆಗಳನ್ನು ನೇಯುತ್ತಿವೆ. ಅಂತಹ ಹೊದಿಕೆ ಹಳ್ಳಿಯ ಸಂತೆಯಲ್ಲಿಯೂ ದೊರೆಯುತ್ತದೆ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಕತ್ತರಿಸಿದ ಬಟ್ಟೆಯ ನೂರರಲ್ಲಿ ಹತ್ತು ಹದಿನೈದು ಪಾಲು ಚೂರಾಗಿ ಬೀಳುತ್ತದೆಂದು ಅಂದಾಜು. ಒಂದೆಡೆ ಚೂರು ಬೆಟ್ಟವಾಗಿ ಬೆಳೆಯುತ್ತಿದೆ, ಇನ್ನೊಂದೆಡೆ ಅದನ್ನು ಕೂಡಿಸಬಲ್ಲ ಕೈಗಳು ಕಡಿಮೆಯಾಗುತ್ತಿವೆ. ನಗರದ ಅಂಗಡಿಗಳಲ್ಲಿ ಕೌದಿ ಅಲಂಕಾರದ ವಸ್ತುವಾಗಿ ದುಬಾರಿ ಬೆಲೆಗೆ ಮಾರಾಟವಾಗುವಾಗ ಆ ಬೆಲೆಯಲ್ಲಿ ಹೊಲಿದವಳ ಪಾಲೆಷ್ಟು ಎಂಬುದು ಕಾಯಕನಿಷ್ಠೆಯುಳ್ಳ ಸಮಾಜ ಕೇಳಲೇಬೇಕಾದ ಪ್ರಶ್ನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳಲ್ಲಿ ಪೆಟ್ಟಿಗೆಯ ತಳದಲ್ಲಿಯೋ ಅಟ್ಟದ ಮೇಲೆಯೋ ಹಳೆಯ ಕೌದಿಗಳು ಇನ್ನೂ ಇರಬಹುದು. ಅವನ್ನು ಹೊಲಿದವರು ಯಾರು, ಯಾರ ಸೀರೆ ಯಾವ ಪದರದಲ್ಲಿದೆ ಎಂಬುದನ್ನು ಹೇಳಬಲ್ಲ ವೃದ್ಧೆಯರು ಇರುವಾಗಲೇ ಸಾಹಿತ್ಯದ ವಿದ್ಯಾರ್ಥಿಗಳು ಕೇಳಿ ಬರೆದಿಟ್ಟುಕೊಳ್ಳುವುದು ಯುಕ್ತ. ಕೋಟೆಯ ಕಲ್ಲು ಇನ್ನೂ ಹಲವು ಶತಮಾನ ಕಾಯಬಲ್ಲದು, ಕೌದಿ ಕಾಯಲಾರದು.