ತ್ರೈರಾಶಿಕ

ಅನುಪಾತದಲ್ಲಿರುವ ನಾಲ್ಕು ರಾಶಿಗಳ ಪೈಕಿ ಮೂರನ್ನು ತಿಳಿದು ನಾಲ್ಕನೆಯದನ್ನು ಸಾಧಿಸುವ ಗಣಿತವಿಧಿ; ಕೂಲಿಮಠಗಳಲ್ಲಿ ತ್ರೈರಾಶಿ ಲೆಕ್ಕವೆಂದು ಹೆಸರಾದುದು ಇದೇ. ಅರಿತುದರಿಂದ ಅರಿಯದುದನ್ನು ಗುಣಿಸಿ ಭಾಗಿಸಿ ಪಡೆಯುವ ಕ್ರಮವು ವೇದಾಂಗಜ್ಯೋತಿಷದಲ್ಲಿಯೇ ಉಂಟಾದರೂ, ಅದನ್ನು ಈ ಹೆಸರಿನಿಂದಲೇ ಕರೆದು ಅಂಗಾಂಗಗಳೊಡನೆ ವಿಧಿಸಿದ ಪ್ರಾಚೀನ ಕೃತಿ ಸುಮಾರು 499ರ ಆರ್ಯಭಟೀಯ. ತಿಳಿದ ಪರಿಮಾಣವು ಪ್ರಮಾಣ, ಅದಕ್ಕೆ ದೊರೆತುದು ಫಲ, ಬೇಕಾದ ಪರಿಮಾಣ ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲವು ಸಿದ್ಧಿಸುವುದು. 6 ಸೇರು ಅಕ್ಕಿಗೆ 8 ಹಣವಾದರೆ 15 ಸೇರಿಗೆಷ್ಟೆಂಬಲ್ಲಿ, 8ನ್ನು 15ರಿಂದ ಗುಣಿಸಿದ 120ನ್ನು 6ರಿಂದ ಭಾಗಿಸಲು 20 ಹಣ. ಮೊದಲೇ ಭಾಗಿಸಹೊರಟವನು ಸೇರೊಂದಕ್ಕೆ ಒಂದು ಹಣ, ಮೇಲೊಂದು ಮೂರನೆಯ ಅಂಶವೆಂಬ ಭಿನ್ನದ ತೊಡಕಿಗೆ ಸಿಲುಕುವನಾದ ಕಾರಣ, ಗುಣಾಕಾರವನ್ನು ಮುಂದಿಟ್ಟ ಆಚಾರ್ಯರ ವಿವೇಕವು ಮೆಚ್ಚತಕ್ಕದ್ದು.

ಆದರೆ ವಿಧಿಯ ಜೀವವಿರುವುದು ಗುಣಾಕಾರದಲ್ಲಲ್ಲ, ಜಾತಿವಿಚಾರದಲ್ಲಿ. ಪ್ರಮಾಣವೂ ಇಚ್ಛೆಯೂ ಸಜಾತೀಯವಾಗಿರತಕ್ಕದ್ದೆಂದು 628ರಲ್ಲಿ ಬ್ರಹ್ಮಗುಪ್ತನು ವಿಧಿಸಿದನು. ಒಂದು ಏರಿದಂತೆ ಮತ್ತೊಂದು ಇಳಿಯುವೆಡೆಯಲ್ಲಿ, ಬಣ್ಣವೇರಿದ, ಎಂದರೆ ಶುದ್ಧಿ ಹೆಚ್ಚಿದ, ಚಿನ್ನವು ಅದೇ ಬೆಲೆಗೆ ಕಡಮೆ ತೂಗುವಂತೆ, ವ್ಯಸ್ತತ್ರೈರಾಶಿಕವೇ ಸಲ್ಲುವುದು. ಈ ವಿವೇಚನೆಯಿಲ್ಲದೆ ಸೂತ್ರವನ್ನು ಬಾಯಿಪಾಠ ಮಾಡಿದವನ ಲೆಕ್ಕ ತಪ್ಪುವುದು ನಿಶ್ಚಯ. ಐದು, ಏಳು ರಾಶಿಗಳ ಲೆಕ್ಕಗಳಾದ ಪಂಚರಾಶಿಕ, ಸಪ್ತರಾಶಿಕಗಳು ತ್ರೈರಾಶಿಕಗಳ ಜೋಡಣೆಯೇ ಹೊರತು ಬೇರೆಯಲ್ಲವೆಂದು ಆರ್ಯಭಟೀಯದ ಭಾಷ್ಯಕಾರನಾದ ಮೊದಲನೆಯ ಭಾಸ್ಕರನು 629ರಲ್ಲಿಯೇ ತೋರಿಸಿದನು.

ಯವನರು, ಎಂದರೆ ಗ್ರೀಕರು, ಹಿಡಿದ ಹಾದಿ ಬೇರೆ. ಸಮಾನ ಮಾನವಿಲ್ಲದ ಪರಿಮಾಣಗಳಲ್ಲಿಯೂ ಅನುಪಾತವೆಂದರೇನೆಂಬ ಪ್ರಶ್ನೆಯನ್ನೆತ್ತಿದ ಯೂಡಾಕ್ಸಸನ ಸಿದ್ಧಾಂತವು ಯೂಕ್ಲಿಡನ ಗ್ರಂಥದ ಐದನೆಯ ಅಧ್ಯಾಯದಲ್ಲಿ ನಿಂತಿದೆ. ತರ್ಕಶುದ್ಧಿಯಲ್ಲಿ ಅದಕ್ಕೇ ಅಗ್ರಸ್ಥಾನ, ಲೋಕವ್ಯವಹಾರಕ್ಕೆ ನಮ್ಮದೇ ಸಮೀಪ. ಹಿಂದೂಗಳ ರಾಶಿಗಣಿತವನ್ನು ಕುರಿತು ಅಲ್‌ಬೀರೂನಿ ಪ್ರತ್ಯೇಕ ಗ್ರಂಥವನ್ನೇ ಬರೆದನು; ಯೂರೋಪಿನ ವರ್ತಕರು ಈ ವಿಧಿಯನ್ನು ಸುವರ್ಣಸೂತ್ರವೆಂದು ಕರೆದರು.

ಕನ್ನಡನಾಡಿಗೂ ಇದಕ್ಕೂ ಇರುವ ನಂಟು ಹಳೆಯದು. ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ತ್ರೈರಾಶಿಕಕ್ಕೆ ಒಂದು ವ್ಯವಹಾರವನ್ನೇ, ಎಂದರೆ ಅಧ್ಯಾಯವನ್ನೇ, ಮೀಸಲಿಟ್ಟನು, ಎಂ. ರಂಗಾಚಾರ್ಯರು ಆ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. 1150ರ ಲೀಲಾವತಿಯಲ್ಲಿ ಎರಡನೆಯ ಭಾಸ್ಕರನು, ನಾರಾಯಣನಿಂದ ಜಗತ್ತು ವ್ಯಾಪ್ತವಾಗಿರುವಂತೆ ಪಾಟೀಗಣಿತವೆಲ್ಲ ತ್ರೈರಾಶಿಕದಿಂದ ವ್ಯಾಪ್ತವಾಗಿದೆಯೆಂಬ ಭಾವವನ್ನು ಹೇಳುತ್ತಾನೆ. ಅದೇ 12ನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ಗದ್ಯಪದ್ಯಾತ್ಮಕವಾದ ವ್ಯವಹಾರಗಣಿತವನ್ನು ರಚಿಸಿ, ಸಹಜತ್ರಯರಾಶಿ, ವ್ಯಸ್ತತ್ರಯರಾಶಿ, ಪಂಚರಾಶಿಗಳನ್ನು ಕನ್ನಡದಲ್ಲಿಯೇ ವಿವರಿಸಿದನು.