ನೆಚ್ಚಿನ ವೀಡಿಯೊ ಗೇಮ್‌ಗೆ ಇಂಟರ್‌ನೆಟ್ ಜೋಡಿಸಿದರೆ ಸಾಕೆ?

ಜನಪ್ರಿಯ ವೀಡಿಯೊ ಗೇಮ್ ಸರಣಿಗಳ ಅಭಿಮಾನಿಗಳು ಮಾತಿಗೆ ಕುಳಿತರೆ ಒಂದು ಆಸೆ ಹೊರಬರುವುದು ಖಂಡಿತ: ‘ಇದೇ ಆಟವನ್ನು ಸಾವಿರಾರು ಜನ ಒಟ್ಟಿಗೆ ಆಡುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!’ ಕತೆ ಸಿದ್ಧವಿದೆ, ಊರುಗಳಿವೆ, ಕಾಡು-ಕೋಟೆಗಳಿವೆ, ರಾಕ್ಷಸರೂ ಇದ್ದಾರೆ. ಇನ್ನು ಇಂಟರ್‌ನೆಟ್ ಸಂಪರ್ಕವೊಂದನ್ನು ಕೊಟ್ಟರೆ ಆಯಿತಲ್ಲ?

ಕೇಳಲು ಸರಿಯಾಗಿಯೇ ಇದೆ. ಆದರೆ ಈ ಕೆಲಸಕ್ಕೆ ಕೈಹಾಕಿದವರ ಅನುಭವ ಬೇರೆಯದನ್ನೇ ಹೇಳುತ್ತದೆ. ಒಬ್ಬರಿಗಾಗಿ ರೂಪಿಸಿದ ಆಟವನ್ನು ಸಾವಿರಾರು ಜನರ ಆಟವಾಗಿಸುವುದು ಒಂದು ಮನೆಯಿದ್ದ ಜಾಗದಲ್ಲಿ ಊರು ಕಟ್ಟುವಂಥ ಕೆಲಸ. ಊರೆಂದಮೇಲೆ ಸಂತೆ, ಕಳ್ಳರು, ಬೆಲೆಯೇರಿಕೆ, ಜಗಳ, ಕೆಲವೊಮ್ಮೆ ಸಾಂಕ್ರಾಮಿಕ ರೋಗ ಕೂಡ ಬರುತ್ತವೆ!

ಎಂಎಂಒ ಎಂದರೇನು?

ಮೊಬೈಲಿನಲ್ಲಿ ನಾಲ್ವರು ಸೇರಿ ಲೂಡೊ ಆಡುವುದೂ ಆನ್‌ಲೈನ್ ಆಟವೇ. ಆದರೆ ಆಟ ಮುಗಿದೊಡನೆ ಆ ಹಲಗೆ ಮಾಯವಾಗುತ್ತದೆ. ‘ಮ್ಯಾಸಿವ್ಲಿ ಮಲ್ಟಿಪ್ಲೇಯರ್ ಆನ್‌ಲೈನ್’, ಚಿಕ್ಕದಾಗಿ ಎಂಎಂಒ, ಎಂದು ಕರೆಯುವ ಆಟಗಳಲ್ಲಿ ಹಾಗಾಗುವುದಿಲ್ಲ. ಅಲ್ಲಿನ ಲೋಕ ಕಂಪನಿಯ ಸರ್ವರ್‌ಗಳಲ್ಲಿ ಸದಾ ಜೀವಂತವಾಗಿರುತ್ತದೆ. ನೀವು ಕಂಪ್ಯೂಟರ್ ಆರಿಸಿ ಮಲಗಿದಾಗಲೂ ಅಲ್ಲಿ ಇನ್ಯಾರೋ ಗಣಿ ಅಗೆಯುತ್ತಿರುತ್ತಾರೆ, ಕತ್ತಿ ಮಾರುತ್ತಿರುತ್ತಾರೆ, ಹೊಸಬರಿಗೆ ದಾರಿ ತೋರಿಸುತ್ತಿರುತ್ತಾರೆ.

ಇಂಥ ಲೋಕಗಳಲ್ಲಿ ಬಹಳ ಹೆಸರು ಮಾಡಿದ ಕೆಲವು ಆಗಲೇ ಇದ್ದ ಸರಣಿಗಳಿಂದ ಹುಟ್ಟಿದವು. 1981ರಲ್ಲಿ ಶುರುವಾದ ‘ಅಲ್ಟಿಮಾ’ ಸರಣಿ 1997ರಲ್ಲಿ ‘ಅಲ್ಟಿಮಾ ಆನ್‌ಲೈನ್’ ಆಯಿತು. 1987ರಲ್ಲಿ ಜಪಾನಿನಲ್ಲಿ ಹುಟ್ಟಿದ ‘ಫೈನಲ್ ಫ್ಯಾಂಟಸಿ’ 2002ರಲ್ಲಿ ತನ್ನ ಹನ್ನೊಂದನೆಯ ಆವೃತ್ತಿಯನ್ನೇ ಎಂಎಂಒ ಆಗಿ ತಂದಿತು. 1994ರ ‘ವಾರ್‌ಕ್ರಾಫ್ಟ್’ 2004ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಗಿ, 2010ರ ಹೊತ್ತಿಗೆ 1.2 ಕೋಟಿಗೂ ಹೆಚ್ಚು ಚಂದಾದಾರರನ್ನು ಗಳಿಸಿತು.

ಎಲ್ಲರೂ ನಾಯಕರಾದರೆ ಹಿಂಬಾಲಕರು ಯಾರು?

ಒಬ್ಬರೇ ಆಡುವ ಆಟದ ಸೊಗಸು ಇರುವುದೇ ‘ಈ ಲೋಕವನ್ನು ಉಳಿಸಬಲ್ಲವರು ನೀವು ಮಾತ್ರ’ ಎಂಬ ಮಾತಿನಲ್ಲಿ. ರಾಕ್ಷಸನನ್ನು ನೀವು ಕೊಂದರೆ ಅವನು ಸತ್ತ, ಕತೆ ಮುಂದುವರಿಯಿತು. ಆದರೆ ಅದೇ ಲೋಕದಲ್ಲಿ ಹತ್ತು ಸಾವಿರ ಜನರಿದ್ದರೆ? ಮೊದಲು ಬಂದವರು ರಾಕ್ಷಸನನ್ನು ಕೊಂದಮೇಲೆ ಉಳಿದ 9,999 ಜನರಿಗೆ ಕೆಲಸವೇ ಇಲ್ಲ. ಸತ್ತವನು ಮತ್ತೆ ಮತ್ತೆ ಎದ್ದುಬಂದರೆ ಕತೆಗೆ ಬೆಲೆಯಿಲ್ಲ.

ಇದಕ್ಕೆ ವಿನ್ಯಾಸಕರು ಕಂಡುಕೊಂಡ ಒಂದು ದಾರಿ ‘ಇನ್‌ಸ್ಟೆನ್ಸ್’. ಗುಹೆಯ ಬಾಗಿಲು ಎಲ್ಲರಿಗೂ ಒಂದೇ. ಆದರೆ ಒಳಗೆ ಕಾಲಿಟ್ಟ ಪ್ರತಿ ತಂಡಕ್ಕೂ ಆ ಗುಹೆಯ ಪ್ರತ್ಯೇಕ ಪ್ರತಿಯೊಂದು ತೆರೆದುಕೊಳ್ಳುತ್ತದೆ. ಹೊರಗೆ ಹಂಚಿಕೊಂಡ ಊರು, ಒಳಗೆ ನಿಮ್ಮದೇ ಕತೆ.

ಅಲ್ಟಿಮಾ ತಂಡ ಇನ್ನೊಂದು ತೊಡಕನ್ನು ಕತೆಯಿಂದಲೇ ಬಿಡಿಸಿತು. ಎಲ್ಲ ಆಟಗಾರರನ್ನೂ ಒಂದೇ ಸರ್ವರ್‌ನಲ್ಲಿ ತುಂಬಲು ಸಾಧ್ಯವಿರಲಿಲ್ಲ, ಲೋಕದ ಹಲವು ಪ್ರತಿಗಳು ಬೇಕಿದ್ದವು. ಒಂದೇ ರಾಜ್ಯ ಹಲವು ಕಡೆ ಇರುವುದು ಹೇಗೆ? ಸರಣಿಯ ಮೊದಲ ಆಟದಲ್ಲಿ ನಾಯಕ ಮಾಂತ್ರಿಕನೊಬ್ಬನ ರತ್ನವನ್ನು ಒಡೆದುಹಾಕಿದ್ದ. ಆ ರತ್ನದ ಒಂದೊಂದು ಚೂರಿನಲ್ಲೂ ಲೋಕದ ಒಂದೊಂದು ಪ್ರತಿ ಉಳಿದುಕೊಂಡಿತು ಎಂದು ತಂಡ ಕತೆ ಬೆಳೆಸಿತು. ಅಲ್ಲಿನ ಸರ್ವರ್‌ಗಳಿಗೆ ಚೂರು ಎಂಬ ಅರ್ಥದ ‘ಶಾರ್ಡ್’ ಎನ್ನುವ ಹೆಸರು ಬಂದದ್ದು ಹೀಗೆ.

ಮೊಲಗಳೇ ಉಳಿಯಲಿಲ್ಲ!

ಅಲ್ಟಿಮಾ ಆನ್‌ಲೈನ್ ರೂಪಿಸಿದವರಿಗೆ ದೊಡ್ಡ ಕನಸೊಂದಿತ್ತು: ಆಟದೊಳಗೆ ನಿಜವಾದ ಪರಿಸರ ವ್ಯವಸ್ಥೆ ಇರಬೇಕು. ಹುಲ್ಲನ್ನು ಮೇಯುವ ಪ್ರಾಣಿಗಳು, ಅವನ್ನು ತಿನ್ನುವ ತೋಳಗಳು, ಬೇಟೆ ಸಿಗದಿದ್ದಾಗ ಊರಿನತ್ತ ಬರುವ ಹಸಿದ ಮೃಗಗಳು – ಹೀಗೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರಬೇಕು ಎನ್ನುವುದು ಅವರ ಲೆಕ್ಕಾಚಾರ.

ಆಟಗಾರರು ಬಂದರು. ಕಣ್ಣಿಗೆ ಬಿದ್ದ ಪ್ರಾಣಿಗಳನ್ನೆಲ್ಲ ಕೊಂದರು. ಹೊಸ ಪ್ರಾಣಿಗಳು ಹುಟ್ಟುವುದಕ್ಕಿಂತ ವೇಗವಾಗಿ ಇದ್ದವು ಖಾಲಿಯಾದವು. ಮೊಲವೇ ಇಲ್ಲದಮೇಲೆ ತೋಳ ಏನು ತಿನ್ನಬೇಕು ಎಂಬ ಪ್ರಶ್ನೆ ಏಳುವ ಮೊದಲೇ ತೋಳವೂ ಇರಲಿಲ್ಲ. ಬಹಳ ಶ್ರಮದಿಂದ ರೂಪಿಸಿದ ಆ ವ್ಯವಸ್ಥೆಯನ್ನು ಕೊನೆಗೆ ಕೈಬಿಡಬೇಕಾಯಿತು.

ಒಬ್ಬ ಆಟಗಾರ ಇಡೀ ಕಾಡನ್ನು ಬರಿದುಮಾಡಲಾರ. ಸಾವಿರಾರು ಜನ ತಲಾ ನಾಲ್ಕೇ ಮೊಲ ಹೊಡೆದರೂ ಕಾಡು ಬರಿದಾಗುತ್ತದೆ. ಯಾರದ್ದೂ ದೊಡ್ಡ ತಪ್ಪಲ್ಲ, ಆದರೂ ಎಲ್ಲರ ಸೊತ್ತು ಹಾಳಾಯಿತು. ಊರಿನ ಕೆರೆ, ಗೋಮಾಳಗಳ ವಿಷಯದಲ್ಲಿ ನಾವು ನೋಡಿರುವ ಸಮಸ್ಯೆಯೇ ಇದು.

ಹಣದ ಕತೆಯೂ ಹೀಗೆಯೇ. ರಾಕ್ಷಸನನ್ನು ಕೊಂದರೆ ಚಿನ್ನ ಸಿಗುತ್ತದೆ ಎನ್ನುವುದು ಹಳೆಯ ಆಟಗಳ ನಿಯಮ. ಎಂಎಂಒ ಲೋಕದಲ್ಲಿ ದಿನವೂ ಲಕ್ಷಾಂತರ ರಾಕ್ಷಸರು ಸಾಯುತ್ತಾರೆ, ಅಂದರೆ ಲೋಕದೊಳಕ್ಕೆ ಹೊಸ ಚಿನ್ನ ನಲ್ಲಿ ನೀರಿನಂತೆ ಸುರಿಯುತ್ತಲೇ ಇರುತ್ತದೆ. ಅದು ಹರಿದುಹೋಗಲು ದಾರಿ ಇಲ್ಲದಿದ್ದರೆ ಹಣಕ್ಕೆ ಬೆಲೆ ಕುಸಿದು ಸಾಮಾನುಗಳ ದರ ಗಗನಕ್ಕೇರುತ್ತದೆ. ಹಳಬರ ಬಳಿ ಗಂಟು ಇರುತ್ತದೆ, ಹೊಸಬರಿಗೆ ಒಂದು ಗುರಾಣಿ ಕೊಳ್ಳುವುದೂ ಕಷ್ಟ. ಆಯುಧದ ದುರಸ್ತಿಗೆ ಶುಲ್ಕ, ಮಾರಾಟಕ್ಕೆ ತೆರಿಗೆ, ಪ್ರಯಾಣಕ್ಕೆ ದುಡ್ಡು ಎಂದೆಲ್ಲ ಆಟಗಳು ಕೇಳುವುದು ಆಟಗಾರರನ್ನು ಸತಾಯಿಸಲು ಎಂದು ಹಲವರು ತಿಳಿದಿದ್ದಾರೆ. ಅವು ನಿಜಕ್ಕೂ ಹೆಚ್ಚುವರಿ ಹಣವನ್ನು ಹೊರಹಾಕುವ ಕಾಲುವೆಗಳು.

ಅಮರನಾದ ರಾಜ ಸತ್ತದ್ದು

ಅಲ್ಟಿಮಾ ಸರಣಿಯ ಸೃಷ್ಟಿಕರ್ತ ರಿಚರ್ಡ್ ಗ್ಯಾರಿಯಟ್ ತಮ್ಮ ಆಟಗಳಲ್ಲಿ ‘ಲಾರ್ಡ್ ಬ್ರಿಟಿಷ್’ ಎಂಬ ರಾಜನಾಗಿ ಕಾಣಿಸಿಕೊಳ್ಳುತ್ತಿದ್ದರು. 1997ರ ಆಗಸ್ಟ್‌ನಲ್ಲಿ, ಆಟ ಬಿಡುಗಡೆಯಾಗುವ ಮೊದಲಿನ ಸಾರ್ವಜನಿಕ ಪರೀಕ್ಷೆಯ ಸಮಯದಲ್ಲಿ, ಅವರು ಪ್ರಜೆಗಳ ಮುಂದೆ ಬಂದು ನಿಂತರು. ರಾಜನಿಗೆ ಸಾವಿಲ್ಲ ಎಂಬುದು ವ್ಯವಸ್ಥೆ. ಆದರೆ ಅದಕ್ಕೆ ಸ್ವಲ್ಪ ಮೊದಲು ಸರ್ವರ್ ಕೆಟ್ಟು ಮತ್ತೆ ಚಾಲೂ ಆಗಿತ್ತು. ಮರಳಿ ಬಂದ ರಾಜನ ‘ಅಮರತ್ವ’ದ ಗುಂಡಿ ಒತ್ತುವುದು ಮರೆತುಹೋಗಿತ್ತು. ಗುಂಪಿನಲ್ಲಿದ್ದ ಆಟಗಾರನೊಬ್ಬ ಬೆಂಕಿಯ ಮಂತ್ರ ಪ್ರಯೋಗಿಸಿದ. ರಾಜ ಸತ್ತೇಹೋದ!

ಈ ಘಟನೆ ಇಂದಿಗೂ ನಗೆ ತರಿಸುತ್ತದೆ, ಅದರ ಪಾಠ ಮಾತ್ರ ಗಂಭೀರ. ಆಟಗಾರರು ಏನನ್ನು ಮಾಡಲು ಸಾಧ್ಯವೋ ಅದನ್ನು ಯಾರಾದರೊಬ್ಬರು ಮಾಡಿಯೇ ತೀರುತ್ತಾರೆ. ಅಲ್ಟಿಮಾದ ಹಳೆಯ ಆಟಗಳು ಕರುಣೆ, ಪ್ರಾಮಾಣಿಕತೆಯಂತಹ ಎಂಟು ಸದ್ಗುಣಗಳ ಸುತ್ತ ಹೆಣೆದವು. ಅದರ ಆನ್‌ಲೈನ್ ರೂಪದಲ್ಲಿ ಹೊಸಬರನ್ನು ಊರಾಚೆ ಕಾದು ಕೊಂದು ದೋಚುವವರೇ ತುಂಬಿಕೊಂಡರು. ಅಪಖ್ಯಾತಿ, ಶಿಕ್ಷೆಗಳ ಹಲವು ನಿಯಮ ತಂದರೂ ಪ್ರಯೋಜನವಾಗಲಿಲ್ಲ. 2000ದಲ್ಲಿ ಇಡೀ ಲೋಕವನ್ನೇ ಎರಡಾಗಿಸಿ, ಒಂದರಲ್ಲಿ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಮೇಲೆ ಕೈಮಾಡುವಂತಿಲ್ಲ ಎಂದು ನಿಯಮ ಮಾಡಬೇಕಾಯಿತು.

ಮೋಸವನ್ನು ತಡೆಯುವುದೂ ದೊಡ್ಡ ಕೆಲಸ. ಒಬ್ಬರೇ ಆಡುವಾಗ ಅಡ್ಡದಾರಿ ಹಿಡಿದರೆ ನಷ್ಟ ಯಾರಿಗೂ ಇಲ್ಲ. ಇಲ್ಲಿ ಮಾತ್ರ ಆಟಗಾರನ ಕಂಪ್ಯೂಟರ್ ಹೇಳಿದ್ದನ್ನು ಸರ್ವರ್ ನಂಬುವಂತೆಯೇ ಇಲ್ಲ. ‘ನಾನು ಹತ್ತು ಹೆಜ್ಜೆ ನಡೆದೆ, ನೂರು ನಾಣ್ಯ ಕೊಟ್ಟೆ’ ಎಂಬುದನ್ನೆಲ್ಲ ಅದು ಪರಿಶೀಲಿಸಬೇಕು. ಹೀಗಾಗಿ ಹಳೆಯ ಆಟದ ತಂತ್ರಾಂಶವನ್ನು ಬುಡದಿಂದಲೇ ಮತ್ತೆ ಬರೆಯಬೇಕಾಗುತ್ತದೆ.

ಜಾತ್ರೆಯ ಗಣಿತ

ಒಂದು ಮೈದಾನದಲ್ಲಿ 10 ಆಟಗಾರರಿದ್ದಾರೆ ಎಂದುಕೊಳ್ಳಿ. ಪ್ರತಿಯೊಬ್ಬರ ಚಲನೆಯ ಸುದ್ದಿ ಉಳಿದ 9 ಜನರಿಗೆ ತಲುಪಬೇಕು, ಅಂದರೆ ಪ್ರತಿ ಸಲ 90 ಸಂದೇಶಗಳು. 100 ಜನರಾದರೆ 9,900. ಸಾವಿರ ಜನರಾದರೆ 9,99,000! ಜನ ಹತ್ತು ಪಟ್ಟು ಹೆಚ್ಚಿದರೆ ಕೆಲಸ ಸುಮಾರು ನೂರು ಪಟ್ಟು ಹೆಚ್ಚುತ್ತದೆ. ಆದ್ದರಿಂದಲೇ ಸರ್ವರ್‌ಗಳು ಹತ್ತಿರದಲ್ಲಿರುವವರ ಸುದ್ದಿಯನ್ನಷ್ಟೇ ನಿಮಗೆ ಕಳಿಸುತ್ತವೆ. ಎಲ್ಲರೂ ಒಂದೇ ಚೌಕದಲ್ಲಿ ಜಾತ್ರೆಯಂತೆ ಸೇರಿದಾಗ ಈ ಉಪಾಯವೂ ಸೋಲುತ್ತದೆ, ಆಟ ತೆವಳಲು ಶುರುಮಾಡುತ್ತದೆ.

ದೂರದ ಸಮಸ್ಯೆಯಂತೂ ಭೌತವಿಜ್ಞಾನದ್ದು. ಆಪ್ಟಿಕಲ್ ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಸುಮಾರು 14,000 ಕಿಲೋಮೀಟರ್. ಕೇಬಲ್ ನೇರವಾಗಿಯೇ ಇದೆ ಎಂದುಕೊಂಡರೂ ಹೋಗಿಬರಲು 0.14 ಸೆಕೆಂಡ್ ಬೇಕು. ನೀವು ಎಷ್ಟೇ ದುಬಾರಿ ಸಂಪರ್ಕ ಹಾಕಿಸಿಕೊಂಡರೂ ಇದಕ್ಕಿಂತ ಬೇಗ ಉತ್ತರ ಬಾರದು. ಒಬ್ಬರ ಆಟದಲ್ಲಿ ಗುಂಡಿ ಒತ್ತಿದೊಡನೆ ಬೀಸುತ್ತಿದ್ದ ಕತ್ತಿ ಎಂಎಂಒ ರೂಪದಲ್ಲಿ ಕೊಂಚ ನಿಧಾನವಾಗಿ ಕಂಡರೆ ಅದಕ್ಕೆ ಇದೂ ಒಂದು ಕಾರಣ.

ಯಾರೂ ಊಹಿಸದ ಸಾಂಕ್ರಾಮಿಕ

2005ರ ಸೆಪ್ಟೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ ಹೊಸ ಶತ್ರುವೊಂದು ಬಂತು. ಅದರೊಡನೆ ಹೋರಾಡುವವರಿಗೆ ‘ಕರಪ್ಟೆಡ್ ಬ್ಲಡ್’ ಎಂಬ ಸೋಂಕು ತಗುಲಿ ಪಕ್ಕದವರಿಗೂ ಹರಡುತ್ತಿತ್ತು. ಅದು ಆ ಗುಹೆಯೊಳಗೇ ಉಳಿಯಬೇಕು ಎಂಬುದು ಉದ್ದೇಶ. ಆದರೆ ಆಟಗಾರರ ಸಾಕುಪ್ರಾಣಿಗಳ ಮೂಲಕ ಸೋಂಕು ನಗರಗಳಿಗೆ ನುಗ್ಗಿತು. ಬೀದಿಗಳಲ್ಲಿ ಹೆಣಗಳು ಬಿದ್ದವು. ಕೆಲವರು ಊರು ಬಿಟ್ಟು ಓಡಿದರು, ಕೆಲವರು ಚಿಕಿತ್ಸೆಗೆ ನಿಂತರು, ಇನ್ನು ಕೆಲವರು ಬೇಕೆಂದೇ ಹರಡಿದರು. ಇದನ್ನು ಕುರಿತ ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಅವರ ಲೇಖನ 2007ರಲ್ಲಿ ‘ದಿ ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಂಕ್ರಾಮಿಕದ ಹೊತ್ತಿನಲ್ಲಿ ಮನುಷ್ಯರು ಹೇಗೆ ವರ್ತಿಸುತ್ತಾರೆ ಎಂದು ತಿಳಿಯಲು ಇಂತಹ ಲೋಕಗಳು ನೆರವಾಗಬಹುದು ಎನ್ನುವುದು ಅವರ ವಾದ.

ಚಂದ್ರ ಬಿದ್ದು ಲೋಕ ಮುಗಿದ ಕತೆ

ಹೆಸರು ದೊಡ್ಡದಿದ್ದರೆ ಗೆಲುವು ಖಚಿತ ಎಂಬ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು ‘ಫೈನಲ್ ಫ್ಯಾಂಟಸಿ 14’. ತಯಾರಕ ಸಂಸ್ಥೆ ಸ್ಕ್ವೇರ್ ಎನಿಕ್ಸ್‌ಗೆ ಹನ್ನೊಂದನೆಯ ಆವೃತ್ತಿಯನ್ನು ವರ್ಷಗಟ್ಟಲೆ ನಡೆಸಿದ ಅನುಭವವೂ ಇತ್ತು. ಆದರೂ 2010ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ಆಟ ಅಭಿಮಾನಿಗಳನ್ನು ತೀವ್ರವಾಗಿ ನಿರಾಸೆಗೊಳಿಸಿತು. ಮೆನುಗಳು ಗೋಜಲು, ವೇಗ ಕಡಿಮೆ, ಮಾಡಲು ಕೆಲಸವಿಲ್ಲ.

ಚಂದವಾಗಿ ಕಾಣಬೇಕೆಂಬ ಹಟವೂ ಮುಳುವಾಯಿತು. ದೃಶ್ಯದ ಒಂದು ಹೂಕುಂಡಕ್ಕೆ ಒಬ್ಬ ಆಟಗಾರನ ಪಾತ್ರಕ್ಕೆ ಬಳಸಿದಷ್ಟೇ ಸೂಕ್ಷ್ಮ ವಿವರಗಳನ್ನು ತುಂಬಿದ್ದರು ಎಂದು ಮುಂದೆ ಆಟದ ಹೊಣೆ ಹೊತ್ತ ನವೊಕಿ ಯೊಶಿದಾ ಹೇಳಿದ್ದಾರೆ. ಒಬ್ಬರ ಆಟದಲ್ಲಿ ಅಂಥ ಹೂಕುಂಡ ಕಣ್ಣಿಗೆ ಹಬ್ಬ. ನೂರಾರು ಜನ ಸೇರುವ ಚೌಕದಲ್ಲಿ ಹೂಕುಂಡಗಳನ್ನು ಚಿತ್ರಿಸುವುದರಲ್ಲೇ ಕಂಪ್ಯೂಟರ್ ಸುಸ್ತಾದರೆ ಜನರನ್ನು ತೋರಿಸುವುದು ಹೇಗೆ?

2010ರ ಡಿಸೆಂಬರ್‌ನಲ್ಲಿ ಕಂಪನಿ ಕ್ಷಮೆ ಕೇಳಿತು, ಚಂದಾ ವಸೂಲಿಯನ್ನು ಮುಂದೂಡಿತು, ತಂಡದ ಹೊಣೆಯನ್ನು ಯೊಶಿದಾಗೆ ವಹಿಸಿತು. ಅವರು ಹಿಡಿದದ್ದು ಕಷ್ಟದ ದಾರಿ. ಒಂದು ಕಡೆ ಕೆಟ್ಟ ಆಟವನ್ನು ರಿಪೇರಿ ಮಾಡುತ್ತ, ಇನ್ನೊಂದು ಕಡೆ ಅದೇ ಆಟವನ್ನು ಮೊದಲಿನಿಂದ ಕಟ್ಟುವುದು. ಈ ಬದಲಾವಣೆಯನ್ನೂ ಕತೆಯೊಳಗೇ ತಂದರು. ಆಕಾಶದಲ್ಲಿದ್ದ ಕೆಂಪು ಚಂದ್ರ ತಿಂಗಳು ತಿಂಗಳಿಗೂ ಕೆಳಗಿಳಿಯುತ್ತ ಬಂದ. 2012ರ ನವೆಂಬರ್ 11ರಂದು ಸರ್ವರ್‌ಗಳು ಮುಚ್ಚಿದಾಗ ಆ ಚಂದ್ರ ಬಿರಿದು, ಒಳಗಿದ್ದ ಡ್ರ್ಯಾಗನ್ ಲೋಕವನ್ನು ಸುಡುವ ಚಿತ್ರವನ್ನು ಆಟಗಾರರು ನೋಡಿದರು.

2013ರ ಆಗಸ್ಟ್‌ನಲ್ಲಿ ಬಂದ ಹೊಸ ಆವೃತ್ತಿ, ‘ಎ ರೆಲ್ಮ್ ರಿಬಾರ್ನ್’, ಆ ವಿನಾಶ ನಡೆದ ಐದು ವರ್ಷಗಳ ನಂತರದ ಕತೆ. ಹಳಬರು ತಮ್ಮ ಪಾತ್ರಗಳನ್ನು ಹೊಸ ಲೋಕಕ್ಕೂ ಕರೆತರಬಹುದಿತ್ತು. ಮುಂದೆ ಈ ಆಟ ಎಷ್ಟು ಬೆಳೆಯಿತೆಂದರೆ, 2021ರ ಡಿಸೆಂಬರ್‌ನಲ್ಲಿ ಸರ್ವರ್‌ಗಳಲ್ಲಿ ಜಾಗ ಸಾಲದೆ ಕಂಪನಿ ಆಟದ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು!

ಹಾಗಾದರೆ ಉಳಿಯುವುದೇನು?

ವಾರ್‌ಕ್ರಾಫ್ಟ್‌ನ ಹಳೆಯ ಆಟಗಳಲ್ಲಿ ನೀವು ಮೇಲಿನಿಂದ ನೋಡುತ್ತ ಸೈನ್ಯ ನಡೆಸುವ ಸೇನಾಪತಿ. ಎಂಎಂಒ ರೂಪದಲ್ಲಿ ಅದೇ ನೆಲದ ಮೇಲೆ ನಡೆಯುವ ಒಬ್ಬ ಯೋಧ. ಆಡುವ ರೀತಿ ಪೂರ್ತಿ ಬದಲಾದರೂ ಅಭಿಮಾನಿಗಳು ಅದನ್ನು ತಮ್ಮದೆಂದು ಒಪ್ಪಿದರು, ಏಕೆಂದರೆ ಊರುಗಳು, ಕುಲಗಳು, ಹಗೆತನ, ಇತಿಹಾಸ ಎಲ್ಲ ಹಾಗೆಯೇ ಇದ್ದವು. ಸರಣಿಯಿಂದ ಹೊಸ ರೂಪಕ್ಕೆ ದಾಟಿಬರುವುದು ಮುಖ್ಯವಾಗಿ ಈ ನೆನಪು. ಉಳಿದುದನ್ನು – ನಿಯಮ, ಹಣಕಾಸು, ತಂತ್ರಾಂಶ, ನ್ಯಾಯ – ಹೊಸದಾಗಿಯೇ ಕಟ್ಟಬೇಕು, ಕಟ್ಟಿದ ಮೇಲೂ ದಿನವೂ ನೋಡಿಕೊಳ್ಳಬೇಕು. ತಿಂಗಳ ಚಂದಾ ಕೊಡುವುದು ಆ ನಿರ್ವಹಣೆಗೇ.

ನಿಮ್ಮ ನೆಚ್ಚಿನ ಆಟದ ಎಂಎಂಒ ರೂಪ ಬರಲಿದೆ ಎಂಬ ಸುದ್ದಿ ಇನ್ನೊಮ್ಮೆ ಕಿವಿಗೆ ಬಿದ್ದರೆ ಅದರ ಗ್ರಾಫಿಕ್ಸ್ ಹೇಗಿದೆ ಎಂದಷ್ಟೇ ನೋಡಬೇಡಿ. ಒಂದೇ ಗುಹೆಯ ಮುಂದೆ ಸಾವಿರ ನಾಯಕರು ಬಂದು ನಿಂತಾಗ ಏನು ಮಾಡುತ್ತಾರಂತೆ ಎಂದು ವಿಚಾರಿಸಿ. ಆ ಆಟ ಎಷ್ಟು ದಿನ ಬಾಳೀತು ಎನ್ನುವುದನ್ನು ಅದರ ಉತ್ತರದಿಂದಲೇ ಊಹಿಸಬಹುದು.